ಅರ್ಧ ಪಾಲೆಂದು ಹೊರಟು ಆರರಲ್ಲೊಂದಕ್ಕೆ ಬಂದೆ: ಒಂಟಿಕೊಪ್ಪಲಿನ ಹಳೆಯ ಮನೆ ಮಾರಿದ ಕಥೆ

ಮೊದಲ ಜಾಹೀರಾತನ್ನು ನಾನೇ ಬರೆದೆ. ‘ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಸದ್ದಿಲ್ಲದ ಅಡ್ಡರಸ್ತೆಯಲ್ಲಿ, 1937ರಲ್ಲಿ ಕಟ್ಟಿದ ಬಂಗಲೆ ಮಾರಾಟಕ್ಕಿದೆ. ತೇಗದ ತೊಲೆ, ಕಾವಿ ನೆಲ, ಬೇಸಿಗೆಯಲ್ಲೂ ಬತ್ತದ ಬಾವಿ.’ ಬ್ರೋಕರ್ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ‘ಅಮ್ಮಾ, ಇದರಲ್ಲಿ ಬೇಕಾದದ್ದೇ ಇಲ್ಲವಲ್ಲ’ ಎಂದರು. ಅವರು ತಿದ್ದಿ ಕೊಟ್ಟದ್ದು ಒಂದೇ ಸಾಲು: ‘60 × 90 ಅಡಿ, ಉತ್ತರ ದಿಕ್ಕಿನ ನಿವೇಶನ, ಹಳೆಯ ಕಟ್ಟಡ ಸಮೇತ.’

ಆ ‘ಸಮೇತ’ ಎಂಬ ಮಾತಿಗೆ ನನಗೆ ಬಂದ ಸಿಟ್ಟು ಎರಡು ದಿನ ಇಳಿಯಲಿಲ್ಲ. ಆದರೆ ಅವರು ಹೇಳಿದ್ದೇ ಸರಿ ಎಂದು ಮುಂದೆ ತಿಳಿಯಿತು. ನಮ್ಮ ಬಡಾವಣೆಯಲ್ಲಿ ಯಾರೂ ಮನೆಗೆ ಬೆಲೆ ಕಟ್ಟುವುದಿಲ್ಲ, ನೆಲಕ್ಕೆ ಕಟ್ಟುತ್ತಾರೆ. ಇದನ್ನು ಮೊದಲೇ ನುಂಗಿಕೊಂಡರೆ ಮುಂದಿನ ಹಲವು ಭೇಟಿಗಳಲ್ಲಿ ಮನಸ್ಸು ಕೆಡುವುದಿಲ್ಲ. 2024ರ ಯುಗಾದಿ ಮುಗಿದ ವಾರ ಶುರುವಾದ ಈ ಕೆಲಸ ಮುಗಿದದ್ದು 2025ರ ನವೆಂಬರಿನಲ್ಲಿ. ಬ್ರೋಕರ್ ಮೊದಲ ದಿನ ಹೇಳಿದ್ದು ಮೂರು ತಿಂಗಳು.

ತಾತ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದವರು. ನಿವೇಶನವನ್ನು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನಿಂದ ಪಡೆದು, ತಾವೇ ನಿಂತು ಕಟ್ಟಿಸಿದ ಮನೆ. ನಡುಮನೆಗೆ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ), ಅಡುಗೆಮನೆಗೆ ಮಂಗಳೂರು ಹೆಂಚು, ಮುಂಬಾಗಿಲ ಮೇಲೆ ಅರ್ಧಚಂದ್ರಾಕಾರದ ಬಣ್ಣದ ಗಾಜು. ಅಮ್ಮ 2023ರಲ್ಲಿ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ನಾನು ಬೆಂಗಳೂರಿನಲ್ಲಿ, ಅಣ್ಣ ನ್ಯೂಜೆರ್ಸಿಯಲ್ಲಿ. ತೊಂಬತ್ತರ ದಶಕದಲ್ಲಿ ಅಪ್ಪ ಸುಣ್ಣದ ಗಾರೆಯ ತಾರಸಿಗೆ ಸಿಮೆಂಟು ಬಳಿಸಿದ್ದರು. ಸುಣ್ಣ ಉಸಿರಾಡುತ್ತದೆ, ಸಿಮೆಂಟು ಬಿಡುವುದಿಲ್ಲ. ಆ ಸಿಮೆಂಟು ಬಿರುಕು ಬಿಟ್ಟು, ಅದರಲ್ಲಿ ಇಳಿದ ನೀರಿಗೆ ಎರಡು ತೊಲೆಗಳ ತುದಿ ಲೊಡ್ಡಾಗಿತ್ತು. ಅದೂ ಸಾಲದೆಂಬಂತೆ ಒಂದು ರಾತ್ರಿ ಹಿತ್ತಿಲಿನ ಗಂಧದ ಮರವನ್ನು ಯಾರೋ ಕೊಯ್ದುಕೊಂಡು ಹೋದರು. ಪಕ್ಕದ ಮನೆಯವರಿಗೂ ಸದ್ದು ಕೇಳಿಸಿರಲಿಲ್ಲ. ಅಲ್ಲಿಯವರೆಗೆ ‘ಇರಲಿ, ನೋಡೋಣ’ ಎನ್ನುತ್ತಿದ್ದ ಅಣ್ಣ ಮರುದಿನವೇ ‘ಮಾರಿಬಿಡೋಣ’ ಎಂದ.

ಮಾರುವುದೇನೋ ಸರಿ, ಹಂಚಿಕೆ? ಅಣ್ಣನ ಮನಸ್ಸಿನಲ್ಲಿ ನನಗೆ ‘ಏನಾದರೂ’ ಕೊಡುವ ಲೆಕ್ಕವಿತ್ತು. ಅಪ್ಪ ಉಯಿಲು ಬರೆದಿರಲಿಲ್ಲ, ಹಾಗಾಗಿ ಮಗನಿಗೂ ಮಗಳಿಗೂ ಸಮಪಾಲು ಎಂದು ನಾನು ಪಟ್ಟು ಹಿಡಿದೆ. ಮೂರು ರಾತ್ರಿ ಫೋನಿನಲ್ಲಿ ವಾದ ನಡೆಯಿತು, ಒಂದು ತಿಂಗಳು ಮಾತು ನಿಂತಿತು. ಕೊನೆಗೆ ಅವನು ಒಪ್ಪಿದ. ಅರ್ಧ ನನ್ನದು ಎಂಬ ಠೀವಿಯಲ್ಲಿ ಕಾಗದಗಳ ಚೀಲ ಹಿಡಿದು ಮೈಸೂರಿನ ವಕೀಲರೊಬ್ಬರ ಮುಂದೆ ಕುಳಿತೆ.

ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ತಾತನಿಂದ ನಿಮ್ಮ ತಂದೆಗೆ ಮನೆ ಬಂದದ್ದು ಯಾವ ಪತ್ರದ ಮೂಲಕ?’

ನಾನು 1970ರ ಖಾತೆಯನ್ನು ತೋರಿಸಿದೆ. ಖಾತೆ ಹಕ್ಕುಪತ್ರವಲ್ಲ, ತೆರಿಗೆ ಯಾರಿಂದ ವಸೂಲು ಮಾಡಬೇಕೆಂಬ ಲೆಕ್ಕ ಅಷ್ಟೇ ಎಂದರು. ತಾತ ಹೋದದ್ದು 1968ರಲ್ಲಿ, ಉಯಿಲಿಲ್ಲದೆ. ಮನೆ ಅವರ ಸ್ವಯಾರ್ಜಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಅಂದೇ ನಾಲ್ಕು ಪಾಲಾಗಿತ್ತು: ಅಜ್ಜಿ, ಅಪ್ಪ, ಇಬ್ಬರು ಅತ್ತೆಯರು. ಅಜ್ಜಿ ಹೋದ ಮೇಲೆ ಅವರ ಪಾಲು ಮೂವರು ಮಕ್ಕಳಿಗೆ ಸೇರಿ, ಒಬ್ಬೊಬ್ಬರಿಗೆ ಮೂರನೇ ಒಂದು. ಅಪ್ಪನ ಆ ಮೂರನೇ ಒಂದರಲ್ಲಿ ಅಣ್ಣನಿಗೆ ಅರ್ಧ, ನನಗೆ ಅರ್ಧ. ವಕೀಲರು ಪೆನ್ಸಿಲಿನಲ್ಲಿ 1/6 ಎಂದು ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತಿದರು. ಅಣ್ಣನೊಂದಿಗೆ ಜಗಳವಾಡಿ ಗೆದ್ದ ಅರ್ಧ ಹದಿನೈದು ನಿಮಿಷದಲ್ಲಿ ಕರಗಿತು.

ಚೀಲದಲ್ಲಿ ಇನ್ನೊಂದು ಕಾಗದವಿತ್ತು. 1970ರಲ್ಲಿ ಇಬ್ಬರು ಅತ್ತೆಯರೂ ‘ನಮ್ಮ ಅಭ್ಯಂತರವಿಲ್ಲ’ ಎಂದು ಸಹಿ ಹಾಕಿಕೊಟ್ಟದ್ದು. ನನಗೆ ಜೀವ ಬಂದಂತಾಯಿತು. ವಕೀಲರು ತಲೆಯಾಡಿಸಿದರು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಿರಲೇಬೇಕು, ಇದು ಆಗಿಲ್ಲ. ‘ಐವತ್ತು ವರ್ಷ ಸುಮ್ಮನಿದ್ದರು ಎಂದು ನ್ಯಾಯಾಲಯದಲ್ಲಿ ವಾದಿಸಬಹುದು. ಹತ್ತು ವರ್ಷ ಬೇಕಾದೀತು. ಯಾವ ಖರೀದಿದಾರ ಕಾಯುತ್ತಾನೆ?’

(ನಿಮ್ಮದೂ ತಾತನ ಕಾಲದ ಮನೆಯಾಗಿದ್ದರೆ ಬ್ರೋಕರ್ ಹತ್ತಿರ ಹೋಗುವ ಮೊದಲು ವಕೀಲರ ಹತ್ತಿರ ಹೋಗಿ. ತಾತನಿಂದ ಇಲ್ಲಿಯವರೆಗೆ ಯಾರು ಯಾವಾಗ ಸತ್ತರು, ಆಗ ಯಾರು ಯಾರು ಬದುಕಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಣ್ಣುಮಕ್ಕಳನ್ನು ಬಿಡದೆ ಬರೆಯಿರಿ.)

ದೊಡ್ಡತ್ತೆ ಹಾಸನದಲ್ಲಿದ್ದಾರೆ. ಆ ಮನೆಯ ಗೃಹಪ್ರವೇಶವಾದ ವರ್ಷವೇ ಹುಟ್ಟಿದವರು. ಮನೆಯೂ ಅವರೂ ಓರಗೆ. ಸಹಿ ಕೇಳಲು ಹೋಗುವಾಗ ಒಂದು ಮೈಸೂರು ರೇಷ್ಮೆ ಸೀರೆ, ಎರಡು ಕಿಲೋ ಮೈಸೂರು ಪಾಕು ಕೊಂಡೊಯ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಸೀರೆಯ ಅಂಚನ್ನು ಸವರಿ, ‘ನನ್ನ ಪಾಲು ಎಷ್ಟಾಗುತ್ತದೆ?’ ಎಂದರು.

ನಾನು ಮುಖ ಸಿಂಡರಿಸಿದ್ದು ಅವರಿಗೆ ಕಂಡಿತೋ ಏನೋ. ‘1970ರಲ್ಲಿ ನೀವೇ ಸಹಿ ಹಾಕಿದ್ದೀರಲ್ಲ ಅತ್ತೆ’ ಎಂದೆ. ‘ಅದು ಖಾತೆಗೆ ಎಂದು ತಮ್ಮ ಹೇಳಿದ. ಹಾಕಿದೆ. ಓದಿ ನೋಡಲಿಲ್ಲ. ಪಾಲು ಬೇಡವೆಂದು ನನ್ನನ್ನು ಯಾರೂ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.’ ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆನರಸೀಪುರ ದಾಟುವವರೆಗೂ ಒಳಗೊಳಗೇ ಬೈದುಕೊಂಡೆ. ಆಮೇಲೆ ಅಣ್ಣನ ಮುಂದೆ ಮೂರು ರಾತ್ರಿ ಆಡಿದ ನನ್ನದೇ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು.

ಅಣ್ಣ ಬೇರೊಂದು ಅಸ್ತ್ರ ತೆಗೆದ. ಋಣಭಾರ ಪತ್ರದಲ್ಲಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳ ಪಟ್ಟಿ) 1958ರ ಅಡಮಾನವೊಂದು ಬಂದಿತ್ತು. ತಾತ ಒಂದು ಸಹಕಾರ ಸಂಘದಿಂದ ಮನೆಯ ಮೇಲೆ ಸಾಲ ಎತ್ತಿದ್ದರು. ಅದೇ ವರ್ಷ ದೊಡ್ಡತ್ತೆಯ ಮದುವೆ. ‘ಅವರ ಮದುವೆಗೇ ಮನೆ ಒತ್ತೆ ಬಿದ್ದಿತ್ತು, ಪಾಲು ಅಂದೇ ತೀರಿತಲ್ಲ’ ಎಂದ. ಫೋನಿನಲ್ಲಿ ಅತ್ತೆಯನ್ನು ಕೇಳಿದೆ. ಅವರು ನಕ್ಕರು. ಮದುವೆ ಆದದ್ದು ಅಜ್ಜಿಯ ಬಳೆ ಮಾರಿದ ಹಣದಿಂದ. ಸಾಲ ಎತ್ತಿದ್ದು ಅಪ್ಪನನ್ನು ಇಂಜಿನಿಯರಿಂಗ್ ಓದಿಗೆ ಸೇರಿಸಲು. ಆಮೇಲೆ ಅಣ್ಣ ಆ ಮಾತೆತ್ತಲಿಲ್ಲ.

ಋಣಭಾರ ಪತ್ರದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. 2004ರಿಂದ ಈಚಿನದು ಆನ್‌ಲೈನಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಬೇಕು, ಹಳೆಯ ಸಂಪುಟಗಳನ್ನು ಕೈಯಿಂದ ಹುಡುಕಿ ಕೊಡುತ್ತಾರೆ. ನಮ್ಮ 1934ರಿಂದೀಚಿನ ಹುಡುಕಾಟಕ್ಕೆ ಐದು ವಾರ ಹಿಡಿಯಿತು. ಸಾಲ ತೀರಿದ್ದಕ್ಕೆ ನೋಂದಾಯಿತ ಋಣಮುಕ್ತಿ ಪತ್ರ ಇರಲಿಲ್ಲ, ಸಂಘ ಎಂದೋ ಮುಚ್ಚಿತ್ತು. ಮೂಲಪತ್ರ ನಮ್ಮ ಕೈಯಲ್ಲೇ ಇದ್ದದ್ದರಿಂದ, ಅಡಮಾನದ ಹಣ ಕೇಳುವ ಹನ್ನೆರಡು ವರ್ಷದ ಕಾಲಮಿತಿ ಕಳೆದು ಯಾವ ಕಾಲವೋ ಆಗಿದ್ದರಿಂದ, ಖರೀದಿದಾರರ ವಕೀಲರು ಒಂದು ಭರವಸೆಯ ಷರತ್ತು ಬರೆಸಿಕೊಂಡು ಬಿಟ್ಟರು. ಮೂಲಪತ್ರ ಸಿಕ್ಕಿದ್ದು ದೇವರ ಮನೆಯ ಕಪಾಟಿನಲ್ಲಿ, ಗ್ಯಾಸ್ ಪುಸ್ತಕದ ಅಡಿಯಲ್ಲಿ.

ವಾರಸುದಾರರು ಯಾರೆಂದು ತೋರಿಸುವ ವಂಶವೃಕ್ಷಕ್ಕೆ ಎಲ್ಲರ ಮರಣ ಪತ್ರ ಬೇಕು. ಅಪ್ಪ, ಅಮ್ಮ, ಚಿಕ್ಕತ್ತೆಯದು ಸುಲಭವಾಗಿ ಸಿಕ್ಕವು. ತಾತನದು ಪಾಲಿಕೆಯ ಹಳೆಯ ಪುಸ್ತಕದಲ್ಲಿತ್ತು. ಅಜ್ಜಿ ತೀರಿಕೊಂಡದ್ದು ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ, ಚಿಕ್ಕತ್ತೆಯ ಮನೆಯಲ್ಲಿ. ದಿನಾಂಕ ಯಾರಿಗೂ ಗೊತ್ತಿಲ್ಲ, ತಿಥಿ ಎಲ್ಲರಿಗೂ ಗೊತ್ತು: ದುರ್ಮತಿ ಸಂವತ್ಸರ, ಪುಷ್ಯ ಬಹುಳ ಪಂಚಮಿ. ದುರ್ಮತಿ ಎಂದರೆ 1981 ಎಂದು ಹುಡುಕಿ ನೋಡಿ, ಹಾಗೆಯೇ ಅರ್ಜಿ ಬರೆದೆ. ಏಳು ವಾರದ ಬಳಿಕ ಹಿಂಬರಹ ಬಂತು: 1981ನೇ ಸಾಲಿನ ಪುಸ್ತಕದಲ್ಲಿ ಸದರಿ ಹೆಸರು ಇರುವುದಿಲ್ಲ. ದಾಖಲೆಯೇ ಇಲ್ಲವೆಂದಾದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು, ಸಾಕ್ಷಿ ಹಾಕಿಸಬೇಕು, ಇನ್ನಾರು ತಿಂಗಳು.

ಅಡ್ಡರಸ್ತೆಯ ಕೊನೆಮನೆಯ ನಿವೃತ್ತ ಮೇಷ್ಟರು ಆ ಹಿಂಬರಹ ನೋಡಿ, ‘ಯುಗಾದಿಯಿಂದ ಎಣಿಸು, ಪುಷ್ಯ ಎಷ್ಟನೆಯ ತಿಂಗಳು?’ ಎಂದು ಕೇಳಿದರು. ಹತ್ತನೆಯದು. ದುರ್ಮತಿ ಶುರುವಾದದ್ದು 1981ರ ಏಪ್ರಿಲಿನಲ್ಲಿ, ಅದರ ಪುಷ್ಯ ಮಾಸ ಬಂದದ್ದು 1982ರ ಜನವರಿಯಲ್ಲಿ. ಪಂಚಾಂಗಕ್ಕೇ ಹೆಸರಾದ ಒಂಟಿಕೊಪ್ಪಲಿನಲ್ಲಿ ಹುಟ್ಟಿ ಬೆಳೆದವಳು ನಾನು! 1982ರ ಪುಸ್ತಕ ತೆಗೆಸಿದರೆ ಎರಡನೆಯ ಪುಟದಲ್ಲೇ ಅಜ್ಜಿಯ ಹೆಸರು. ಪುಷ್ಯ, ಮಾಘ, ಫಾಲ್ಗುಣದಲ್ಲಿ ಹೋದವರ ದಾಖಲೆ ಹುಡುಕುವವರು ಮುಂದಿನ ಇಸವಿಯನ್ನು ಮರೆಯದೆ ನೋಡಿ.

ಚಿಕ್ಕತ್ತೆಯ ಮೂವರು ಮಕ್ಕಳಲ್ಲಿ ಇಬ್ಬರು ಒಂದೇ ಮಾತಿಗೆ ಒಪ್ಪಿದರು. ಮೂರನೆಯವನೊಂದಿಗೆ ಒಂದು ಮದುವೆಯ ಕರೆಯೋಲೆಯ ವಿಷಯಕ್ಕೆ ಹತ್ತು ವರ್ಷದಿಂದ ಮಾತಿರಲಿಲ್ಲ. ಅವನನ್ನು ಒಪ್ಪಿಸಿದ್ದು ದೊಡ್ಡತ್ತೆ. ಏನು ಹೇಳಿದರೋ ನನಗೆ ಗೊತ್ತಿಲ್ಲ.

ಇಷ್ಟರಲ್ಲಿ, 2024ರ ಅಕ್ಟೋಬರಿನಿಂದ, ನಗರದ ಆಸ್ತಿ ನೋಂದಣಿಗೆ ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಕಡ್ಡಾಯವಾಯಿತು. ಸತ್ತವರ ಹೆಸರಿನಲ್ಲಿದ್ದ ಖಾತೆಯನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ, ಆಮೇಲೆ ಇ-ಖಾತೆ. ವಂಶವೃಕ್ಷ ಕೈಗೆ ಬಂದ ಮೇಲೆ ಆರು ಜನರ ಹೆಸರಿಗೂ ಅರ್ಜಿ ಹಾಕಿದೆವು. ಅಳತೆಗೆ ಬಂದವರು ಟೇಪು ಹಿಡಿದರೆ ಉದ್ದ 93 ಅಡಿ ಚಿಲ್ಲರೆ! ಮೂಲಪತ್ರದಲ್ಲಿ 90. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಕನ್ಸರ್ವೆನ್ಸಿ ಎಂಬ ಓಣಿ ಇರುತ್ತದೆ, ಹಿಂದೆ ಕಕ್ಕಸು ಶುಚಿ ಮಾಡುವವರು ಹಿಂಬದಿಯಿಂದ ಬರಲು ಬಿಟ್ಟದ್ದು. ಒಳಚರಂಡಿ ಬಂದ ಮೇಲೆ ಅದನ್ನು ಕೇಳುವವರಿಲ್ಲ. ನಮ್ಮವರಲ್ಲಿ ಯಾರೋ ಹಂಡೆ ಒಲೆಯ ಬಚ್ಚಲನ್ನು ದೊಡ್ಡದು ಮಾಡುವಾಗ ಗೋಡೆಯನ್ನು ಮೂರಡಿ ಆಚೆ ತಳ್ಳಿದ್ದರು. ‘ಸುತ್ತ ಎಲ್ಲರೂ ತಳ್ಳಿದ್ದಾರೆ’ ಎಂಬ ಸಮಾಧಾನ ಕಡತದಲ್ಲಿ ನಡೆಯುವುದಿಲ್ಲ. ಬಚ್ಚಲು ಕೆಡವಿ, ಗೋಡೆಯನ್ನು ಹಿಂದಕ್ಕೆ ಕಟ್ಟಿಸಿದೆ. 42 ಸಾವಿರ ರೂಪಾಯಿ ಮತ್ತು ಒಂದು ತಾಮ್ರದ ಹಂಡೆ ಹೋದವು. ಹಂಡೆಯನ್ನು ಕೆಲಸದವರು ಕೇಳಿದರು, ಕೊಟ್ಟೆ.

ನೋಡಲು ಬಂದವರಲ್ಲಿ ಎರಡು ಬಗೆ: ತಲೆಯೆತ್ತಿ ತೊಲೆ ನೋಡುವವರು, ತಲೆ ತಗ್ಗಿಸಿ ನೆಲ ಅಳೆಯುವವರು. ಮೊದಲ ಬಗೆಯವರ ಹತ್ತಿರ ಹಣವಿರಲಿಲ್ಲ. ಬೆಂಗಳೂರಿನ ಒಂದು ಜೋಡಿಯನ್ನು ಮರೆಯಲಾರೆ. ಆ ಹುಡುಗಿ ಚಪ್ಪಲಿ ಬಿಟ್ಟು ಕಾವಿ ನೆಲದ ಮೇಲೆ ಓಡಾಡುತ್ತ, ಇದನ್ನು ಹೀಗೆಯೇ ಇಟ್ಟುಕೊಳ್ಳುತ್ತೇವೆ ಎಂದಳು. ನಾನು ಬೆಲೆಯಲ್ಲಿ ಸ್ವಲ್ಪ ಇಳಿದೂಬಿಟ್ಟೆ. ಬ್ಯಾಂಕಿನವರು ಮಂಜೂರಾದ ನಕ್ಷೆ ಕೇಳಿದರು. 1937ರ ನಕ್ಷೆಯನ್ನು ಎಲ್ಲಿಂದ ತರುವುದು? ಕಟ್ಟಡದ ಆಯುಷ್ಯ ಮುಗಿದಿದೆಯೆಂದು ಮೌಲ್ಯಮಾಪಕರು ಬರೆದರು, ಸಾಲ ಅರ್ಧಕ್ಕಿಳಿಯಿತು, ಅವರು ಕೈಬಿಟ್ಟರು. ಹಳೆಯ ಮನೆಯನ್ನು ಮನೆಯಾಗಿಯೇ ಮಾರಬೇಕೆಂಬ ಆಸೆಯಿದ್ದರೆ ಕೈಯಲ್ಲಿ ಹಣವಿರುವವರನ್ನೇ ಹುಡುಕಿ, ಸಾಲ ನಂಬಿದವರಿಂದ ಅದು ಆಗುವುದಿಲ್ಲ. ಹಳೆಯ ಮರದ ವ್ಯಾಪಾರಿಯೊಬ್ಬರಂತೂ ಖರೀದಿದಾರ ಗೊತ್ತಾಗುವ ಮೊದಲೇ ಬಂದು ಬಾಗಿಲುಗಳಿಗೆ ಬೆಲೆ ಹೇಳಿ ಹೋದರು.

ಕೊಂಡವರು ಎರಡು ರಸ್ತೆ ಆಚೆಯ ವೈದ್ಯರು. ‘ಕೆಡವುತ್ತೇನೆ, ಸುಳ್ಳು ಹೇಳುವುದಿಲ್ಲ. ನಿಮಗೆ ಬೇಕಾದದ್ದನ್ನು ಬಿಚ್ಚಿಕೊಳ್ಳಿ’ ಎಂದರು. ಅದುವರೆಗೆ ಬಂದವರಲ್ಲಿ ನನಗೆ ಹಿಡಿಸಿದವರು ಅವರೇ. ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಆರು ಮನೆಯ ವಿಷಯ.

ತೆರಿಗೆಯ ಮಾತು ಬೇಸರದ್ದು, ಆದರೆ ಎಡವುವುದು ಇಲ್ಲೇ. ದೇಶದಲ್ಲಿರುವ ನಮ್ಮ ಪಾಲಿನಿಂದ ಖರೀದಿದಾರರು ಶೇ 1ರಷ್ಟು ಮುರಿದುಕೊಂಡರೆ ಸಾಕು. ದೊಡ್ಡತ್ತೆಗೆ ಪ್ಯಾನ್ ಕಾರ್ಡೇ ಇರಲಿಲ್ಲ. ಅದಿಲ್ಲದಿದ್ದರೆ ಮುರಿತ ಶೇ 20. ಅವರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ಇಸವಿ ಮಾತ್ರ ಇತ್ತು, ದಿನಾಂಕ ಇಲ್ಲ. ಅದನ್ನು ಸರಿಪಡಿಸಿ ಪ್ಯಾನ್ ಮಾಡಿಸಲು ಎರಡು ತಿಂಗಳು. ಅಣ್ಣ ಅಮೆರಿಕದ ಪ್ರಜೆ. ಅನಿವಾಸಿಗೆ ಬಂಡವಾಳ ಲಾಭದ ಮೇಲೆ ಶೇ 12.5, ಜೊತೆಗೆ ಸರ್‌ಚಾರ್ಜ್, ಸೆಸ್. ಲಾಭ ಎಷ್ಟೆಂಬ ರಗಳೆಯೇ ಬೇಡವೆಂದು ಖರೀದಿದಾರರು ಇಡೀ ಮೊತ್ತದ ಮೇಲೆ ಮುರಿಯುತ್ತಾರೆ. ಹಾಗಾಗಬಾರದೆಂದರೆ ಕಡಿಮೆ ಮುರಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಬೇಕು, ನಾವು ಮಾರಿದಾಗ ಖರೀದಿದಾರರು ಟ್ಯಾನ್ (ತೆರಿಗೆ ಮುರಿದು ಕಟ್ಟುವವರ ಸಂಖ್ಯೆ) ಪಡೆದಿರಬೇಕಿತ್ತು. ನಮಗೆ ಏಳು ವಾರ ಹಿಡಿಯಿತು. 2001ಕ್ಕೂ ಹಿಂದಿನ ಆಸ್ತಿಯಾದರೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಅಸಲು ಎಂದು ಹಿಡಿಯಬಹುದು, ಆದರೆ ಅದು ಅಂದಿನ ಮಾರ್ಗಸೂಚಿ ಬೆಲೆಯನ್ನು (ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಬೆಲೆ) ಮೀರುವಂತಿಲ್ಲ. ದೇಶದಲ್ಲಿರುವವರಿಗೆ ಬೆಲೆಸೂಚ್ಯಂಕ ಹೊಂದಿಸಿ, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಅಸಲನ್ನು ಹೆಚ್ಚಿಸಿ, ಶೇ 20 ಕಟ್ಟುವ ಹಳೆಯ ದಾರಿಯೂ ಇದೆ. ನಮ್ಮಲ್ಲಿ ಬೆಲೆ ಹತ್ತಾರು ಪಟ್ಟು ಏರಿದ್ದರಿಂದ ಶೇ 12.5ರ ಲೆಕ್ಕವೇ ಹಗುರವಾಯಿತು.

ಅಣ್ಣ ಬರಲಾಗದೆ ನನ್ನ ಹೆಸರಿಗೆ ಅಧಿಕಾರ ಪತ್ರ ಕಳಿಸಿದ. ಅಲ್ಲಿ ನೋಟರಿ, ಅಪೊಸ್ಟಿಲ್ (ಬೇರೆ ದೇಶದಲ್ಲಿ ಬಳಸಲು ಅಲ್ಲಿನ ಸರ್ಕಾರದ ದೃಢೀಕರಣ) ಆಗಿ ಬಂದ ಪತ್ರಕ್ಕೆ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಗಡುವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ.

ಕ್ರಯದ ಕರಾರು ಆದದ್ದು 2025ರ ಜುಲೈಯಲ್ಲಿ, ನೋಂದಣಿ ಆಗಸ್ಟಿನಲ್ಲೆಂದು ಮಾತು. ಇ-ಖಾತೆ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತ್ತು. ತಡವಾದದ್ದು ನಿಮ್ಮ ಕಡೆಯಿಂದ ಎಂದು ವೈದ್ಯರು ಹೆಚ್ಚುವರಿ ಹಣ ಕೇಳಿದರು. ಅರ್ಧ ಅರ್ಧ ಎಂದು ಮುಗಿಸಿದೆವು. ಕರಾರಿನಲ್ಲೇ ಇಂಥದ್ದಕ್ಕೆ ಒಂದು ಸಾಲು ಬರೆಸಿಟ್ಟಿದ್ದರೆ ಆ ಒಂದು ವಾರದ ಮುನಿಸು ತಪ್ಪುತ್ತಿತ್ತು. ಉಳಿದ ಖರ್ಚು: ವಕೀಲರಿಗೆ 75 ಸಾವಿರ, ಅಣ್ಣನ ಪಾಲಿನ ಲೆಕ್ಕಪರಿಶೋಧಕರಿಗೆ 40 ಸಾವಿರ, ಮೌಲ್ಯಮಾಪಕರಿಗೆ 15 ಸಾವಿರ, ನಕಲು ಪ್ರತಿ, ಪ್ರಮಾಣಪತ್ರ, ಓಡಾಟ ಸೇರಿ ಇನ್ನೊಂದು 30 ಸಾವಿರ. ಬ್ರೋಕರ್‌ಗೆ ಶೇ 1.

ನೋಂದಣಿಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ಹೊರಬಂದದ್ದು ನಾಲ್ಕಕ್ಕೆ. ನಡೆಯಲಾಗದವರಿದ್ದರೆ ಶುಲ್ಕ ಕಟ್ಟಿ ಅಧಿಕಾರಿಯನ್ನೇ ಮನೆಗೆ ಕರೆಸಿಕೊಳ್ಳುವ ಅವಕಾಶವಿದೆ. ದೊಡ್ಡತ್ತೆಗೆ ಹೇಳಿದೆ, ‘ನಾನೇ ಬರುತ್ತೇನೆ’ ಎಂದರು. ಅವರ ಹೆಬ್ಬೆರಳಿನ ಗೆರೆಗಳು ಸವೆದು ಯಂತ್ರಕ್ಕೆ ಸಿಗಲೊಲ್ಲವು. ಒರೆಸಿ, ಉಜ್ಜಿ, ಏಳನೆಯ ಸಲಕ್ಕೆ ಹಿಡಿಯಿತು. ಸಹಿ ಹಾಕಲು ಪೆನ್ನು ಕೊಟ್ಟಾಗ ಅವರು ಅದನ್ನು ಮೇಜಿನ ಮೇಲಿಟ್ಟು, ‘ಇದರಲ್ಲಿ ಏನು ಬರೆದಿದೆ, ಓದಿ ಹೇಳು’ ಎಂದರು.

ಹದಿನಾಲ್ಕು ಪುಟ. ಹಿಂದೆ ಸಾಲು ಬೆಳೆಯುತ್ತಿತ್ತು. ಗುಮಾಸ್ತರು ಗಡಿಯಾರ ನೋಡಿದರು, ವೈದ್ಯರು ಮೊಬೈಲ್ ನೋಡಿದರು, ಮಾತು ಬಿಟ್ಟಿದ್ದ ಸೋದರತ್ತೆಯ ಮಗ ಒಂದು ಕುರ್ಚಿ ಎಳೆದು ಅವರ ಪಕ್ಕ ಹಾಕಿದ. ನಾನು ಚಕ್ಕುಬಂದಿಯಿಂದ ಹಿಡಿದು, ಪೂರ್ವಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಕನ್ಸರ್ವೆನ್ಸಿ ಎಂದು, ಕೊನೆಯ ಷರತ್ತಿನವರೆಗೂ ಗಟ್ಟಿಯಾಗಿ ಓದಿದೆ. ತಮ್ಮ ಹೆಸರು ಬಂದಲ್ಲೆಲ್ಲ ಅತ್ತೆ ‘ಹ್ಞೂಂ’ ಎಂದರು. ಆಮೇಲೆ ಒಂದೊಂದು ಪುಟಕ್ಕೂ ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಬಣ್ಣದ ಗಾಜಿನ ಅರ್ಧಚಂದ್ರವನ್ನು ಬಿಚ್ಚಿಸಿ ತಂದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದಕ್ಕೆ ತಕ್ಕ ಬಾಗಿಲಿಲ್ಲ, ಕೌದಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ. ವಿದ್ಯುತ್ ಮೀಟರಿನ ಹೆಸರು ಬದಲಿಸಿಕೊಡುವುದನ್ನು ಮರೆತೆ, ನೀವು ಮರೆಯಬೇಡಿ. ಅಪ್ಪನ ಹೆಸರಿನ ಬಿಲ್ಲು ಈಗಲೂ ನನ್ನ ಮೊಬೈಲಿಗೆ ಬರುತ್ತದೆ. ಈ ತಿಂಗಳ ಬಳಕೆ ಹನ್ನೊಂದು ಯೂನಿಟ್. ಯಾರೋ ಜಗಲಿಯ ದೀಪ ಹಾಕಿ ಆರಿಸದೆ ಹೋಗಿರಬೇಕು.